ಚಾರಣಕ್ಕೆ ಒಯ್ಯುವ ನೈಲಾನ್ ಹುರಿಗೂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಹಿಂದೆ ಸರಿದು ಪಶ್ಚಿಮಘಟ್ಟದ ಚಾರಣದ ಹಾದಿಗಳಲ್ಲಿ ಮತ್ತೆ ಜನರ ಓಡಾಟ ಶುರುವಾಗುತ್ತಿರುವ ಹೊತ್ತಿನಲ್ಲಿ, ಬೆಟ್ಟಗಳಲ್ಲಿ ಉಳಿಯುವ ಕಸದ ಬಗ್ಗೆ ತಮ್ಮ ಪತ್ರಿಕೆ ಪ್ರಕಟಿಸಿದ ಬರಹವನ್ನು ಓದಿದೆ. ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಒಮ್ಮೆ ತೊಟ್ಟು ಎಸೆಯುವ ಮಳೆಯಂಗಿ ಇವೆಲ್ಲ ಅದರಲ್ಲಿ ಸರಿಯಾಗಿಯೇ ಪ್ರಸ್ತಾಪವಾಗಿವೆ. ಆದರೆ ಮೂಡಿಗೆರೆ, ಸಕಲೇಶಪುರದ ಕಡೆಯ ಬೆಟ್ಟಗಳಿಗೆ ತಂಡಗಳನ್ನು ಕರೆದೊಯ್ಯುವ ಕೆಲಸದಲ್ಲಿರುವ ನನ್ನಂಥವರ ಕಣ್ಣಿಗೆ ಪದೇ ಪದೇ ಬೀಳುವ, ಯಾವ ಪಟ್ಟಿಯಲ್ಲೂ ಕಾಣಿಸಿಕೊಳ್ಳದ ಇನ್ನೊಂದು ವಸ್ತುವಿದೆ. ಅದು ಅಂಗಡಿಗಳಲ್ಲಿ ಪ್ಯಾರಾಕಾರ್ಡ್ ಎಂಬ ಹೆಸರಿನಲ್ಲಿ ಸಿಗುವ, ಸುಮಾರು 4 ಮಿಲಿಮೀಟರ್ ದಪ್ಪದ, ಬಣ್ಣಬಣ್ಣದ ನೈಲಾನ್ ಹುರಿ. ಅದನ್ನು ಹೇಗೆ ಇಟ್ಟುಕೊಳ್ಳಬೇಕು, ಹೇಗೆ ಕತ್ತರಿಸಬೇಕು, ಹೇಗೆ ವಾಪಸು ತರಬೇಕು ಎಂಬುದರ ಬಗ್ಗೆ ನಾಲ್ಕು ಮಾತು ಬರೆಯಲು ಈ ಪತ್ರ.

ಮೊದಲು ಈ ಹುರಿ ಕಾಡಿನಲ್ಲಿ ಎಲ್ಲೆಲ್ಲಿ ಉಳಿದಿರುತ್ತದೆ ಎಂಬುದನ್ನು ಹೇಳಬೇಕು. ತಂಡಗಳು ಊಟಕ್ಕೆ ಕೂರುವ ಜಾಗದ ಸುತ್ತಲಿನ ಮರಗಳಲ್ಲಿ, ಎದೆಮಟ್ಟದ ಎತ್ತರದಲ್ಲಿ, ಗಂಟು ಬಿಚ್ಚಲಾಗದೆ ಕುಯ್ದು ಬಿಟ್ಟ ತುಂಡುಗಳು ಇರುತ್ತವೆ. ತುದಿಯ ಬಯಲಿನಲ್ಲಿ ಸಂಘಟಕರ ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಂಡ ಕಡೆ, ಬ್ಯಾನರ್ ಹೋಗಿ ನಾಲ್ಕು ಮೂಲೆಯ ಹುರಿ ಉಳಿದಿರುತ್ತದೆ. ಜಾರುವ ಇಳಿಜಾರಿನಲ್ಲಿ ಕೈಹಿಡಿಗೆಂದು ಯಾರೋ ಕಟ್ಟಿದ್ದು, ಮುಂದಿನ ಮಳೆಗಾಲಕ್ಕೆ ಹಳಸಿ, ಆದರೂ ನಂಬುವಂತೆ ಕಾಣುತ್ತ ನಿಂತಿರುತ್ತದೆ. ಬೆಳೆಯುವ ಎಳೆಯ ಮರಕ್ಕೆ ಬಿಗಿಯಾಗಿ ಸುತ್ತಿದ ಹುರಿ ಎರಡು ಮೂರು ವರ್ಷದಲ್ಲಿ ತೊಗಟೆಯೊಳಗೆ ಇಳಿಯುತ್ತದೆ. ಅದರ ಮೇಲೂ ಕೆಳಗೂ ತುಟಿಯ ಹಾಗೆ ತೊಗಟೆ ಉಬ್ಬಿ, ಮಧ್ಯೆ ಒಂದು ಕಿತ್ತಳೆ ಅಥವಾ ಹಸಿರು ಗೆರೆ ಮಾತ್ರ ಕಾಣುತ್ತದೆ. ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕವಾದ್ದರಿಂದ, ಹುರಿ ಸುತ್ತಲೂ ಬಿಗಿದ ಮರ ನಿಧಾನವಾಗಿ ಸೊರಗುತ್ತದೆ. ನೆಲಕ್ಕೆ ಬಿದ್ದ ತುಂಡುಗಳನ್ನು, ಅವುಗಳಲ್ಲಿ ಅನ್ನದ ಅಥವಾ ಉಪ್ಪಿನ ವಾಸನೆ ಇದ್ದರೆ, ಅಂಚಿನ ಊರುಗಳ ದನಗಳು ಮೇಯುವಾಗ ನುಂಗುತ್ತವೆ. ಪ್ಲಾಸ್ಟಿಕ್ ಚೀಲದಂತೆಯೇ ಇದೂ ಹೊಟ್ಟೆಯಲ್ಲಿ ಕರಗುವುದಿಲ್ಲ.

ಈ ಹುರಿ ಕೆಟ್ಟ ವಸ್ತು ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ 1935ರಲ್ಲಿ ವ್ಯಾಲೇಸ್ ಕರೋದರ್ಸ್ ಅವರ ತಂಡ ನೈಲಾನನ್ನು ತಯಾರಿಸಿದ ಮೇಲೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ರೇಷ್ಮೆ ಸಿಗದೆ ಹೋದಾಗ, ಪ್ಯಾರಾಚೂಟಿನ ಬಟ್ಟೆಗೂ ಹುರಿಗೂ ಅದೇ ಬಳಕೆಗೆ ಬಂತು. (ಅದೇ ಯುದ್ಧದ ಕಾಲದಲ್ಲಿ ನಮ್ಮ ಮೈಸೂರು ಸೀಮೆಯ ರೇಷ್ಮೆಗೂ ಪ್ಯಾರಾಚೂಟಿಗೆಂದೇ ಬೇಡಿಕೆ ಬಂದಿತ್ತು ಎಂಬುದನ್ನು ಹಳಬರು ಬಲ್ಲರು.) ಇಂದು ಚಾರಣಿಗರು ಬಳಸುವುದು ಅಮೆರಿಕದ ಸೇನಾ ಮಾನದಂಡದಲ್ಲಿ ಮೂರನೇ ಬಗೆ ಎಂದು ಗುರುತಿಸಿದ ಹುರಿಯ ನಾಗರಿಕ ರೂಪ. ಹೊರಗೆ ಹೆಣೆದ ಒರೆ, ಒಳಗೆ ಏಳರಿಂದ ಒಂಬತ್ತು ಬಿಳಿ ಎಳೆ, ಕನಿಷ್ಠ 550 ಪೌಂಡ್ ಅಂದರೆ ಸುಮಾರು 250 ಕಿಲೊ ಎಳೆತ ತಡೆಯುವ ಶಕ್ತಿ, ಕಿತ್ತುಹೋಗುವ ಮುನ್ನ ಸುಮಾರು ಶೇ 30ರಷ್ಟು ಹಿಗ್ಗುವ ಗುಣ ಇವು ಅದರ ಲಕ್ಷಣಗಳು. 30 ಮೀಟರ್ ಹುರಿಯ ತೂಕ ಸುಮಾರು 200 ಗ್ರಾಂ ಮಾತ್ರ. ಇಷ್ಟು ಹಗುರದ ವಸ್ತುವಿನಿಂದ ಟಾರ್ಪಾಲು ಕಟ್ಟಬಹುದು, ಒದ್ದೆ ಬಟ್ಟೆ ಹರವಬಹುದು, ಹರಿದ ಚೀಲದ ಪಟ್ಟಿಗೆ ಬದಲಿ ಮಾಡಬಹುದು. ಮಳೆಗಾಲದ ಚಾರಣದಲ್ಲಿ ಅಂಟು ಬಿಟ್ಟು ಬಾಯಿ ತೆರೆದ ಬೂಟಿನ ಅಟ್ಟೆಯನ್ನು ಪಾದದ ಸುತ್ತ ಎರಡು ಸುತ್ತು ಬಿಗಿದು ಕೆಳಗಿಳಿಸಿದ ಉಪಕಾರವೊಂದೇ ಸಾಕು, ಈ ಹುರಿಯ ಬಗ್ಗೆ ಗೌರವ ಹುಟ್ಟಲು.

ತೊಂದರೆ ಇರುವುದು ಅದನ್ನು ಒಯ್ಯುವ ರೀತಿಯಲ್ಲಿ. ಅಂಗಡಿಯಲ್ಲಿ ಕೊಂಡ ಹುರಿ 15 ಅಥವಾ 30 ಮೀಟರಿನ ಸಿಂಬಿಯಾಗಿ ಬರುತ್ತದೆ. ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಒಮ್ಮೆ ಬಿಚ್ಚಿದ ಮೇಲೆ ಅದು ಮತ್ತೆ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಬಹುತೇಕರು ಅದನ್ನು ಮುದ್ದೆ ಮಾಡಿ ಚೀಲದ ತಳಕ್ಕೆ ತುರುಕುತ್ತಾರೆ. ಬೆಟ್ಟದ ಮೇಲೆ ಮಳೆ ಹನಿಯಲು ಶುರುವಾಗಿ, ಗಾಳಿಗೆ ಟಾರ್ಪಾಲು ಪಟಪಟ ಬಡಿದುಕೊಳ್ಳುವ ಹೊತ್ತಿಗೆ ಆ ಮುದ್ದೆಯನ್ನು ಹೊರಗೆಳೆದರೆ ಸಿಕ್ಕು ಬಿಡಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಸಿಕ್ಕಿದಷ್ಟು ಉದ್ದಕ್ಕೆ, ಸಿಕ್ಕಿದ ಚಾಕುವಿನಿಂದ ಕುಯ್ಯುತ್ತಾರೆ. ಒರೆ ಹಿಂದೆ ಸರಿದು ಒಳಗಿನ ಎಳೆಗಳು ಜೊಂಡಿನಂತೆ ಬಿಚ್ಚಿಕೊಳ್ಳುತ್ತವೆ. ಹೊರಡುವಾಗ ಒದ್ದೆಯಾಗಿ ಬಿಗಿದ ಕಗ್ಗಂಟನ್ನು ತಣ್ಣಗಾದ ಬೆರಳುಗಳಿಂದ ಬಿಡಿಸಲಾಗದೆ ಮತ್ತೆ ಕುಯ್ಯುತ್ತಾರೆ. ಹೀಗೆ ಪ್ರತಿ ಸಲವೂ ಹುರಿ ಗಿಡ್ಡವಾಗುತ್ತದೆ, ಗಿಡ್ಡವಾದ ತುಂಡು ಉಪಯೋಗಕ್ಕೆ ಬಾರದು ಎಂದು ಅಲ್ಲಿಯೇ ಉಳಿಯುತ್ತದೆ. ಕಾಡಿನಲ್ಲಿ ಕಾಣುವ ತುಂಡುಗಳಲ್ಲಿ ಹೆಚ್ಚಿನವು ದುರುದ್ದೇಶದಿಂದ ಬಿಟ್ಟವಲ್ಲ, ಸಿಕ್ಕಿನ ಮತ್ತು ಗಂಟಿನ ಸಂತತಿ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಪರಿಹಾರವಾಗಿ ವಿದೇಶದ ಚಾರಣಿಗರಲ್ಲಿ ಕೆಲವು ವರ್ಷಗಳಿಂದ ಬಳಕೆಯಲ್ಲಿರುವ, ಈಗ ನಮ್ಮಲ್ಲಿಯೂ ಅಲ್ಲಲ್ಲಿ ಸಿಗುವ ಒಂದು ಸಣ್ಣ ಸಾಧನವಿದೆ. ಅದನ್ನು ಸ್ಪೂಲ್ ಟೂಲ್ ಎನ್ನುತ್ತಾರೆ. ನೋಡಲು ಅಂಗೈಗಿಂತ ತುಸು ಉದ್ದದ, ಎರಡೂ ತುದಿಯಲ್ಲಿ ಕವಲೊಡೆದ ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ಚೌಕಟ್ಟು. ಆ ಕವಲುಗಳ ನಡುವೆ ಹುರಿಯನ್ನು ಸುತ್ತಿಡಬೇಕು, ಮಾದರಿಗೆ ತಕ್ಕಂತೆ 15ರಿಂದ 30 ಮೀಟರ್ ಹಿಡಿಯುತ್ತದೆ. ಅಂಚಿನಲ್ಲಿರುವ ಸೀಳಿನಲ್ಲಿ ಹುರಿಯ ತುದಿಯನ್ನು ಸಿಕ್ಕಿಸಿದರೆ ಚೀಲದೊಳಗೆ ಎಷ್ಟು ಅಲುಗಾಡಿದರೂ ಬಿಚ್ಚಿಕೊಳ್ಳದು. ಒಂದು ಮೂಲೆಯಲ್ಲಿ ಬೆರಳು ಹೋಗದಷ್ಟು ಕಿರಿದಾದ ಸಂದಿಯೊಳಗೆ ಬ್ಲೇಡು ಹುದುಗಿರುತ್ತದೆ. ಹುರಿಯನ್ನು ಆ ಸಂದಿಗೆ ಹಾಕಿ ಎಳೆದರೆ ತುಂಡಾಗುತ್ತದೆ, ತೆರೆದ ಚಾಕು ಹಿಡಿದು ಜಾರುವ ಬಂಡೆಯ ಮೇಲೆ ನಿಲ್ಲಬೇಕಾದ ಅಗತ್ಯ ಬೀಳುವುದಿಲ್ಲ. ಮೈಮೇಲೆ ಅಳತೆಯ ಗುರುತುಗಳಿರುತ್ತವೆ. ಕೆಲವು ಮಾದರಿಗಳಲ್ಲಿ ಸಿಗರೇಟು ಲೈಟರ್ ಕೂರಿಸಲು ಜಾಗ, ಇನ್ನು ಕೆಲವಲ್ಲಿ ಸೊಂಟಪಟ್ಟಿಗೆ ಸಿಕ್ಕಿಸುವ ಕೊಕ್ಕೆ ಇರುತ್ತದೆ. ಸುತ್ತುವುದು, ಅಳೆಯುವುದು, ಕತ್ತರಿಸುವುದು, ತುದಿ ಕೂಡಿಸುವುದು ಈ ನಾಲ್ಕು ಕೆಲಸ ಒಂದೇ ವಸ್ತುವಿನಲ್ಲಿ ಆಗುತ್ತವೆ ಎಂಬುದೇ ಅದರ ಹೆಚ್ಚುಗಾರಿಕೆ.

ಅದನ್ನೇ ಕೊಳ್ಳಬೇಕು ಎಂದು ಯಾರಿಗೂ ನಾನು ಹೇಳುವುದಿಲ್ಲ, ಏಕೆಂದರೆ ಹೊರಗಿನಿಂದ ತರಿಸಿದ ಸಾಧನಕ್ಕೆ ಅದರೊಳಗೆ ಸುತ್ತುವ ಹುರಿಗಿಂತ ಹೆಚ್ಚು ಬೆಲೆ ತೆರಬೇಕಾಗಬಹುದು. ಕರಾವಳಿಯಲ್ಲಿ ಗಾಳ ಹಾಕುವವರು ತಮ್ಮ ತಂಗೂಸಿ ದಾರವನ್ನು ಸುತ್ತಿಡುವ ಮರದ ತುಂಡನ್ನು ನೋಡಿದವರಿಗೆ ಈ ಸಾಧನದ ಅರ್ಧ ಗುಟ್ಟು ಆಗಲೇ ಗೊತ್ತಿದೆ. ಬೆರಳ ದಪ್ಪದ, 20 ಸೆಂಟಿಮೀಟರ್ ಉದ್ದದ ಒಂದು ಹಲಗೆ ತುಂಡಿನ ಎರಡು ತುದಿಗೂ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಕಚ್ಚು ಕೊಡಬೇಕು. ಕಚ್ಚಿನ ತಳದಿಂದ ತಳಕ್ಕೆ ಸರಿಯಾಗಿ 15 ಸೆಂಟಿಮೀಟರ್ ಬರುವಂತೆ ನೋಡಿಕೊಳ್ಳಬೇಕು. ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡದಿದ್ದರೆ ಹುರಿಯ ಒರೆ ಜುಂಗು ಏಳುತ್ತದೆ. ಹೀಗೆ ಮಾಡಿದ ಹಲಗೆಗೆ ಒಂದು ಪೂರ್ತಿ ಸುತ್ತು ಎಂದರೆ ಸುಮಾರು 30 ಸೆಂಟಿಮೀಟರ್, ನೂರು ಸುತ್ತು ಎಂದರೆ ಸುಮಾರು 30 ಮೀಟರ್. ಹಲಗೆಯ ದಪ್ಪದಿಂದಲೂ, ಸುತ್ತಿನ ಮೇಲೆ ಸುತ್ತು ಕೂರುವುದರಿಂದಲೂ ಅಳತೆ ಒಂದಿಷ್ಟು ಹೆಚ್ಚಾಗುತ್ತದೆ, ನಮ್ಮ ಕೆಲಸಕ್ಕೆ ಅಷ್ಟು ವ್ಯತ್ಯಾಸ ನಡೆಯುತ್ತದೆ.

ಸುತ್ತುವ ಕ್ರಮದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಸಾಧನ ಇದ್ದವರೂ ಇಲ್ಲಿಯೇ ಎಡವುತ್ತಾರೆ. ನಮ್ಮಲ್ಲಿ ಹಗ್ಗವನ್ನು ಅಂಗೈಗೂ ಮೊಣಕೈಗೂ ಸುತ್ತುವುದು ರೂಢಿ. ಹಾಗೆ ಸುತ್ತುವಾಗ ಪ್ರತಿ ಸುತ್ತಿಗೂ ಹಗ್ಗದೊಳಗೆ ಒಂದು ತಿರುಚು ಸೇರುತ್ತದೆ. ದಪ್ಪ ಹಗ್ಗ ಅದನ್ನು ಹೇಗೋ ತಾಳಿಕೊಳ್ಳುತ್ತದೆ, ತೆಳ್ಳಗಿನ ಒರೆಯ ಹುರಿ ಎಳೆದ ಕೂಡಲೇ ಮುರುಟಿ ತನ್ನಷ್ಟಕ್ಕೆ ತಾನೇ ಕುಣಿಕೆ ಹಾಕಿಕೊಳ್ಳುತ್ತದೆ. ಹಲಗೆಯ ಮೇಲೆ ಓರೆಯಾಗಿ, ಒಂದು ಸಲ ಎಡದಿಂದ ಬಲಕ್ಕೆ, ಮತ್ತೊಂದು ಸಲ ಬಲದಿಂದ ಎಡಕ್ಕೆ ದಾಟುವಂತೆ, ಅಂದರೆ 8ರ ಅಂಕಿಯ ಆಕಾರದಲ್ಲಿ ಸುತ್ತಿದರೆ ಒಂದು ಅರ್ಧದ ತಿರುಚನ್ನು ಇನ್ನೊಂದು ಅರ್ಧ ಕಳೆಯುತ್ತದೆ. ಅಂಥ ಹುರಿಯನ್ನು ಕತ್ತಲಲ್ಲಿ, ಒಂದೇ ಕೈಯಲ್ಲಿ ಎಳೆದರೂ ಸರಾಗವಾಗಿ ಬರುತ್ತದೆ. ಗಂಟು ಹಾಕುವಾಗಲೂ ಕೊನೆಯ ಎಳೆಯನ್ನು ಪೂರ್ತಿ ಹೊರಗೆಳೆಯದೆ ಕುಣಿಕೆಯಾಗಿ ಬಿಟ್ಟು ಜೀರುಗುಣಿಕೆ ಮಾಡಿದರೆ, ಹೊರಡುವ ಹೊತ್ತಿಗೆ ತುದಿ ಹಿಡಿದು ಜಗ್ಗಿದರೆ ಸಾಕು, ಬ್ಲೇಡಿಗೆ ಕೆಲಸವೇ ಇಲ್ಲ. ಲಾರಿಯ ಮೇಲಿನ ಲೋಡಿಗೆ ಹಗ್ಗ ಬಿಗಿಯುವವರು ಈ ವಿದ್ಯೆಯನ್ನು ಯಾವ ತರಬೇತಿಯೂ ಇಲ್ಲದೆ ಬಲ್ಲರು, ನಮ್ಮ ಪದವೀಧರ ಚಾರಣಿಗರು ಅವರಿಂದ ಕಲಿಯುವುದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನು ಬೆಂಕಿಯ ವಿಚಾರ. ಕತ್ತರಿಸಿದ ತುದಿಯನ್ನು ಹಾಗೆಯೇ ಬಿಟ್ಟರೆ ಒರೆ ಸರಿದು ಹುರಿ ಹಾಳಾಗುತ್ತದೆ, ಆದ್ದರಿಂದ ತುದಿಯನ್ನು ಕರಗಿಸಿ ಕೂಡಿಸಬೇಕು. ಒರೆಯನ್ನು ಎರಡು ಬೆರಳಿನಿಂದ ಮುಂದಕ್ಕೆ ಸವರಿ, ಒಳಗಿನ ಬಿಳಿ ಎಳೆಗಳು ಅರ್ಧ ಸೆಂಟಿಮೀಟರಿನಷ್ಟು ಒಳಸೇರುವಂತೆ ಮಾಡಿ, ಜ್ವಾಲೆಯ ಬುಡದ ನೀಲಿ ಭಾಗದ ಹತ್ತಿರ ಹಿಡಿಯಬೇಕೇ ಹೊರತು ಜ್ವಾಲೆಯೊಳಗೆ ಅಲ್ಲ. ನೈಲಾನಿನ ಬಗೆಗೆ ತಕ್ಕಂತೆ 220ರಿಂದ 265 ಡಿಗ್ರಿ ಸೆಲ್ಸಿಯಸ್‌ನ ನಡುವೆ ಅದು ಕರಗುತ್ತದೆ. ಅಂಚು ಮುದುಡಿ, ಹೊಳಪೇರಿ, ಮೇಣದಂಥ ಹನಿಯಾಗುವಾಗ ಜ್ವಾಲೆಯಿಂದ ತೆಗೆದು, ಸಾಧನದ ಚಪ್ಪಟೆ ಮೈಗೆ ಅಥವಾ ಒದ್ದೆ ಕಲ್ಲಿಗೆ ಒತ್ತಿ ಹೊರಳಿಸಿದರೆ ತುದಿ ಗುಂಡಗೆ ಕೂಡುತ್ತದೆ. ಬೆರಳಿನಿಂದ ಒತ್ತಬಾರದು, ಕರಗಿದ ನೈಲಾನ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ, ಕೊಡವಿದರೆ ಬೀಳುವುದಿಲ್ಲ.

ಈ ಕೆಲಸವನ್ನು ಕಾಡಿನೊಳಗೆ ಮಾಡಬಾರದು ಎಂಬುದು ನನ್ನ ಖಚಿತ ನಿಲುವು, ಸಾಧನದಲ್ಲಿ ಲೈಟರಿಗೆ ಜಾಗ ಇದೆ ಎಂಬುದು ಅದಕ್ಕೆ ಸಮರ್ಥನೆಯಾಗದು. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ನಿಷೇಧಿಸುತ್ತದೆ, ರಾಷ್ಟ್ರೀಯ ಉದ್ಯಾನಗಳಿಗೂ ಅದು ಅನ್ವಯಿಸುತ್ತದೆ. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ, ಕುದುರೆಮುಖದ ಹಾದಿ ಇರುವುದು ರಾಷ್ಟ್ರೀಯ ಉದ್ಯಾನದಲ್ಲಿ. ಜನವರಿ ಕಳೆದ ಮೇಲೆ ಬೆಟ್ಟದ ಹುಲ್ಲು ಒಣಗಿ ನಿಂತಿರುವಾಗ ಗಾಳಿಗೆ ಹಾರಿದ ಒಂದು ಉರಿಯುವ ಹನಿ ಏನು ಮಾಡಬಲ್ಲದು ಎಂಬುದನ್ನು 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋದದ್ದನ್ನು ಕಂಡ ನಾಡಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುರಿಯನ್ನು ಮನೆಯಲ್ಲಿಯೇ ಬೇಕಾದ ಉದ್ದಗಳಿಗೆ ಕತ್ತರಿಸಿ, ತುದಿ ಕೂಡಿಸಿ ಒಯ್ಯಬಹುದು. ಮೂರು ಮೀಟರ್ ಚೌಕದ ಒಂದು ಟಾರ್ಪಾಲಿಗೆ ಎರಡು ಮರಗಳ ನಡುವೆ ಎಳೆಯಲು ಸುಮಾರು 10 ಮೀಟರಿನ ಒಂದು ಹುರಿ, ಅಂಚುಗಳಿಗೆ ಎರಡೂವರೆ ಮೀಟರಿನ ಆರು ಹುರಿ ಇದ್ದರೆ ಮಾಮೂಲಿ ಕೆಲಸವೆಲ್ಲ ಸಾಗುತ್ತದೆ. ಅಕಸ್ಮಾತ್ ಬೆಟ್ಟದ ಮೇಲೆ ಕತ್ತರಿಸಲೇಬೇಕಾದರೆ ತುದಿಗೆ ಒಂದು ಗಂಟು ಹಾಕಿಕೊಂಡು ಬಂದು ಮನೆಯಲ್ಲಿ ಕರಗಿಸಿದರಾಯಿತು.

ಟಾರ್ಪಾಲಿನ ವಿಷಯ ಬಂದುದರಿಂದ ಇದನ್ನೂ ಸೇರಿಸುತ್ತೇನೆ. ನೈಲಾನ್ ನೀರು ಹೀರಿಕೊಂಡು ಹಿಗ್ಗುತ್ತದೆ, ಒದ್ದೆಯಾದಾಗ ಶಕ್ತಿಯನ್ನೂ ಶೇ 10ರಿಂದ 15ರಷ್ಟು ಕಳೆದುಕೊಳ್ಳುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ ಟಾರ್ಪಾಲು ನಡುರಾತ್ರಿಯ ಮಳೆಗೆ ಜೋಲಿ ಬಿದ್ದು ನೀರು ತುಂಬಿಕೊಳ್ಳುವುದು ಕಟ್ಟಿದವರ ತಪ್ಪಿನಿಂದಲ್ಲ, ಹುರಿಯ ಸ್ವಭಾವದಿಂದ. ಆಗುಂಬೆ, ಚಾರ್ಮಾಡಿಯ ಕಡೆಯ ಮಳೆಯಲ್ಲಿ ಈ ಕೆಲಸಕ್ಕೆ ಪಾಲಿಯೆಸ್ಟರ್ ಹುರಿಯೇ ಮೇಲು.

ಇಲ್ಲಿಯವರೆಗೆ ಹೇಳಿದ್ದು ಕಸದ ಮತ್ತು ಅನುಕೂಲದ ಮಾತು. ಪ್ರಾಣದ ಮಾತು ಬೇರೆಯೇ ಇದೆ. ಹುರಿಯ ಮೇಲೆ 250 ಕಿಲೊ ಎಂದು ಬರೆದದ್ದನ್ನು ಓದಿ, ಎಪ್ಪತ್ತು ಕಿಲೊ ತೂಕದ ತಾನು ಅದನ್ನು ಹಿಡಿದು ಜಲಪಾತದ ಬುಡಕ್ಕೆ ಇಳಿಯಬಹುದು ಎಂದು ಲೆಕ್ಕ ಹಾಕುವ ಯುವಕರನ್ನು ನಾನು ನೋಡಿದ್ದೇನೆ. ನಗರದ ಒಂದು ಅಂಗಡಿಯಲ್ಲಿ ಮಾರಾಟಗಾರನೇ ಇದನ್ನು ‘ರೆಸ್ಕ್ಯೂ ರೋಪ್’ ಎಂದು ಕರೆದು ಗಿರಾಕಿಯ ಕೈಗಿತ್ತದ್ದನ್ನೂ ಕೇಳಿಸಿಕೊಂಡಿದ್ದೇನೆ. ಆ 250 ಕಿಲೊ ಹೊಸ ಹುರಿಯನ್ನು ಗಂಟಿಲ್ಲದೆ, ನೇರವಾಗಿ, ಮೆಲ್ಲಗೆ ಎಳೆದಾಗಿನ ಲೆಕ್ಕ. ಒಂದು ಗಂಟು ಬಿದ್ದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಶಕ್ತಿ ಹೋಗುತ್ತದೆ. ಬಂಡೆಯ ಚೂಪು ಅಂಚಿಗೆ ತಾಗಿದರೆ ಇನ್ನಷ್ಟು ಹೋಗುತ್ತದೆ, ಬಿಸಿಲಿನಲ್ಲಿ ಒಂದು ಬೇಸಿಗೆ ಕಳೆದ ಹುರಿಯಾದರೆ ಎಷ್ಟು ಉಳಿದಿದೆ ಎಂದು ಹೊರಗಿನಿಂದ ನೋಡಿ ಹೇಳುವುದೇ ಸಾಧ್ಯವಿಲ್ಲ. ಮನುಷ್ಯ ಕಾಲು ಜಾರಿ ಒಂದೆರಡು ಮೀಟರ್ ಬಿದ್ದು ಹುರಿ ತಟ್ಟನೆ ಬಿಗಿದಾಗ ಬೀಳುವ ಎಳೆತ ಅವನ ತೂಕವಲ್ಲ, ತೂಕದ ಹಲವು ಪಟ್ಟು. ಮೇಲಾಗಿ ಪೆನ್ಸಿಲ್ಲಿಗಿಂತ ತೆಳ್ಳಗಿನ ಒದ್ದೆ ಹುರಿಯನ್ನು ಮುಷ್ಟಿಯಲ್ಲಿ ಹಿಡಿದು ತನ್ನ ಭಾರ ತಡೆಯುವುದು ಯಾವ ಗಟ್ಟಿಗನಿಂದಲೂ ಆಗದು, ಅಂಗೈ ಸುಲಿದುಹೋಗುತ್ತದೆ.

ಪರ್ವತಾರೋಹಣದ ಪೂರಕ ಹುರಿಗಳಿಗೆಂದೇ ಯುರೋಪಿನಲ್ಲಿ ಇಎನ್ 564 ಎಂಬ ಮಾನದಂಡವಿದೆ. ಅದರಂತೆ 4 ಮಿಲಿಮೀಟರಿನ ಹುರಿ ಕನಿಷ್ಠ 3.2 ಕಿಲೋನ್ಯೂಟನ್, 6 ಮಿಲಿಮೀಟರಿನದು 7.2, 8 ಮಿಲಿಮೀಟರಿನದು 12.8 ಕಿಲೋನ್ಯೂಟನ್ ತಡೆಯಬೇಕು. ಒಂದು ಕಿಲೋನ್ಯೂಟನ್ ಎಂದರೆ ಸರಿಸುಮಾರು ನೂರು ಕಿಲೊ ಭಾರ ಎಂದುಕೊಂಡರೆ ನಮ್ಮ ಪ್ಯಾರಾಕಾರ್ಡ್ ಈ ಸಾಲಿನ ಅತ್ಯಂತ ತೆಳ್ಳಗಿನ ಹುರಿಗಿಂತಲೂ ಕೆಳಗೆ ನಿಲ್ಲುತ್ತದೆ. ಬೀಳುವ ಮನುಷ್ಯನನ್ನು ತಡೆಯುವ ಹಗ್ಗದ ಮಾನದಂಡವೇ ಬೇರೆ, ಅದು ಇಎನ್ 892. ಬಾದಾಮಿಯಲ್ಲಿ, ರಾಮನಗರದಲ್ಲಿ ಬಂಡೆ ಹತ್ತುವವರ ಸೊಂಟಕ್ಕೆ ಕಟ್ಟಿರುವುದು ಅಂಥ ಹಗ್ಗ. ಅದು ಕಿರುಬೆರಳ ದಪ್ಪಕ್ಕೆ ಹತ್ತಿರವಿದ್ದು, ಬಿದ್ದ ಪೆಟ್ಟನ್ನು ಹಿಗ್ಗಿ ನುಂಗಿಕೊಳ್ಳುವಂತೆ ನೇಯ್ದದ್ದು. ಸ್ಪೂಲಿಗೆ ಸುತ್ತಿದ ಹುರಿ ಸಾಮಾನು ಕಟ್ಟಲು ಮಾತ್ರ ಎಂಬುದನ್ನು ಅಂಗಡಿಯವರು ಪೊಟ್ಟಣದ ಮೇಲೆ ಕನ್ನಡದಲ್ಲಿ, ಓದುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು.

ಆ 250 ಕಿಲೊ ಕೂಡ ಸಾಚಾ ಹುರಿಯದು. ಮಾರುಕಟ್ಟೆಯಲ್ಲಿ 550 ಎಂದು ಬರೆದು ಮಾರುವ ಎಲ್ಲವೂ ಆ ಬಗೆಯವಲ್ಲ. ಕೊಂಡ ಮೇಲೆ ಒಂದು ತುದಿ ಕತ್ತರಿಸಿ ಒಳಗಿನ ಎಳೆಗಳನ್ನು ಎಣಿಸಿ ನೋಡಿ. ಏಳಕ್ಕಿಂತ ಕಡಿಮೆ ಇದ್ದರೆ, ಅಥವಾ ಎಳೆಗಳ ಬದಲು ಹೊಸೆಯದ ನಾರಿನ ಗುಚ್ಛ ತುಂಬಿದ್ದರೆ ಅದು ಹೆಸರಿಗೆ ಮಾತ್ರ ಪ್ಯಾರಾಕಾರ್ಡ್. ಬೆರಳುದ್ದದ ತುಂಡನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ, ಒಳಗಿನ ಗಾಳಿ ಹೋಗುವಂತೆ ಹಿಂಡಿ ಬಿಟ್ಟರೆ ನೈಲಾನ್ ಮುಳುಗುತ್ತದೆ, ಅಗ್ಗದ ಪಾಲಿಪ್ರೊಪಿಲೀನ್ ತೇಲುತ್ತದೆ. ತೇಲುವ ಹುರಿ ಬಿಸಿಲಿಗೆ ಬೇಗ ಪುಡಿಯಾಗುವಂಥದು, ಕಾಡಿನಲ್ಲಿ ಉಳಿದರೆ ಚೂರುಚೂರಾಗಿ ಮಣ್ಣಿಗೆ ಸೇರುವಂಥದು.

ನೈಲಾನನ್ನೇ ಬಿಟ್ಟು ತೆಂಗಿನ ನಾರಿನ ಹಗ್ಗ ಬಳಸಬಾರದೇ ಎಂದು ಕೆಲವರು ಕೇಳುತ್ತಾರೆ. ತೋಟದ ಶಿಬಿರದಲ್ಲಿ, ವಾಹನ ಹೋಗುವ ಜಾಗದಲ್ಲಿ, ದಿನಗಟ್ಟಲೆ ಕಟ್ಟಿರಬೇಕಾದ ಕಡೆ ಖಂಡಿತ ಬಳಸಬೇಕು, ಮರೆತು ಬಿಟ್ಟರೂ ಅದು ಕೊಳೆತು ಮಣ್ಣಾಗುತ್ತದೆ. ಆದರೆ ಬೆನ್ನಮೇಲೆ ಹೊತ್ತು ಏರುವವನಿಗೆ ಅದರ ತೂಕ ಮತ್ತು ಗಾತ್ರ ಹೊಂದುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ನಾವು ನಾರಿನ ಹಗ್ಗದಿಂದ ಕಲಿಯಬೇಕಾದದ್ದಕ್ಕಿಂತ ಅದನ್ನು ಬಳಸುವ ಜನರಿಂದ ಕಲಿಯಬೇಕಾದದ್ದು ಹೆಚ್ಚು. ಮಲೆನಾಡಿನ ಅಡಿಕೆ ತೋಟದಲ್ಲಿ ಕೊನೆಗಾರ ಮರದ ತುದಿಯಲ್ಲಿ ಕೊಯ್ದ ಕೊನೆ, ಅಂದರೆ ಅಡಿಕೆ ಗೊಂಚಲು, ಹಗ್ಗದ ಗುಂಟ ಜಾರಿ ಕೆಳಗೆ ಹಿಡಿದವನ ಕೈ ಸೇರುತ್ತದೆ. ದಿನದ ಕೆಲಸ ಮುಗಿದ ಮೇಲೆ ಆ ಹಗ್ಗ ತೋಟದಲ್ಲಿ ಉಳಿಯುವುದಿಲ್ಲ, ಸವೆದ ಕಡೆ ಇದೆಯೇ ಎಂದು ಕೈಯಾಡಿಸಿ ನೋಡಿ, ಸುತ್ತಿ, ಹೆಗಲಿಗೇರಿಸಿ ಮನೆಗೆ ಒಯ್ಯುತ್ತಾರೆ. ಆತನ ಪಾಲಿಗೆ ಅದು ಅನ್ನ ಕೊಡುವ ಉಪಕರಣ. ನಮ್ಮ ಚಾರಣಿಗರ ಪಾಲಿಗೆ ಹುರಿ ಇನ್ನೂ ಪೊಟ್ಟಣ ಕಟ್ಟುವ ದಾರದ ಮಟ್ಟದಲ್ಲಿಯೇ ಇದೆ.

ಅರಣ್ಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಸೇರಿದ ಜನಜಂಗುಳಿಯ ನಂತರ ಇಲಾಖೆ ಚಾರಣಕ್ಕೆ ಆನ್‌ಲೈನ್ ನೋಂದಣಿ ತಂದು, ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಹಾಕಿದೆ. ಇದು ಸ್ವಾಗತಾರ್ಹ. ಇಪ್ಪತ್ತು ಮಂದಿಯ ಒಂದು ತಂಡ 30 ಮೀಟರಿನ ಒಂದೇ ಸಿಂಬಿ ಒಯ್ದರೂ ಆ ಮಿತಿಯೊಳಗೇ ಒಂದು ಹಾದಿಗೆ ದಿನವೊಂದಕ್ಕೆ 450 ಮೀಟರ್ ಹುರಿ ಏರಬಹುದು ಎಂಬುದನ್ನೂ ಗಮನಿಸಬೇಕು. ಕೆಲವು ತನಿಖಾ ಠಾಣೆಗಳಲ್ಲಿ ಸಿಬ್ಬಂದಿ ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಬಾಟಲಿಗಳನ್ನು ಎಣಿಸಿ ಬರೆದುಕೊಂಡು, ಇಳಿದು ಬಂದಾಗ ಮತ್ತೆ ಎಣಿಸುತ್ತಾರೆ. ಅದೇ ಪುಸ್ತಕದಲ್ಲಿ ಹುರಿಗೆ ಒಂದು ಕಾಲಂ ಸೇರಿಸಿದರೆ ಸಾಕು. ಮುದ್ದೆಯಾದ ಹುರಿಯನ್ನು ಅಳೆಯುವುದು ಯಾವ ಕಾವಲುಗಾರನಿಗೂ ಆಗದ ಕೆಲಸ, ಹಲಗೆಗೆ ಅಥವಾ ಸ್ಪೂಲಿಗೆ ಸುತ್ತಿದ ಹುರಿಯನ್ನು ಸುತ್ತು ಎಣಿಸಿ ಅರೆ ನಿಮಿಷದಲ್ಲಿ ಬರೆದುಕೊಳ್ಳಬಹುದು. ಆದ್ದರಿಂದ ಸುತ್ತಿಟ್ಟ ಹುರಿಗೆ ಮಾತ್ರ ಪ್ರವೇಶ ಎಂಬ ಒಂದು ಸಾಲು ನಿಯಮದಲ್ಲಿ ಇರಲಿ. ರಾಜ್ಯ ಸರ್ಕಾರ 2016ರಲ್ಲಿ ನಿಷೇಧಿಸಿದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಹುರಿ ಇಲ್ಲ, ಇರಬೇಕಾಗಿಯೂ ಇಲ್ಲ, ಏಕೆಂದರೆ ಇದು ಒಮ್ಮೆ ಬಳಸಿ ಎಸೆಯುವ ವಸ್ತುವೇ ಅಲ್ಲ. ಇಲ್ಲಿ ಬೇಕಾದದ್ದು ಲೆಕ್ಕ ಮಾತ್ರ. ಸಾಧನದ ಬ್ಲೇಡು ಸಂದಿಯೊಳಗೆ ಹುದುಗಿರುವುದರಿಂದ ಅದನ್ನು ಆಯುಧವೆಂದು ಕಿತ್ತಿಟ್ಟುಕೊಳ್ಳುವ ಪ್ರಸಂಗ ಬಾರದಂತೆ ಠಾಣೆಯ ಸಿಬ್ಬಂದಿಗೂ ಒಮ್ಮೆ ತಿಳಿಸಿಡುವುದು ಒಳ್ಳೆಯದು. ಲೈಟರನ್ನು ಮಾತ್ರ ಧಾರಾಳವಾಗಿ ಕಿತ್ತಿಟ್ಟುಕೊಳ್ಳಲಿ.

ಸಂಘಟಕರು ಬ್ಯಾನರ್ ಕಟ್ಟುವ ಚಾಳಿಯನ್ನೇ ಬಿಡಬಹುದು, ಇಬ್ಬರು ಕೈಯಲ್ಲಿ ಹಿಡಿದು ನಿಂತರೂ ಫೋಟೊ ಅಷ್ಟೇ ಚೆನ್ನಾಗಿ ಬರುತ್ತದೆ. ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳು ಯುವಕರಿಗೆ ಗಂಟುಗಳನ್ನು ಕಲಿಸುವಾಗ, ಬಿಚ್ಚುವುದನ್ನೂ ಸುತ್ತಿಡುವುದನ್ನೂ ಸಾಮಾನು ಕಟ್ಟುವ ಹುರಿಗೂ ಪ್ರಾಣ ಕಾಯುವ ಹಗ್ಗಕ್ಕೂ ಇರುವ ಅಂತರವನ್ನೂ ಜೊತೆಗೇ ಒತ್ತಿ ಹೇಳಿದರೆ ಉಪಕಾರವಾಗುತ್ತದೆ. ಇಲ್ಲಿಂದ ಹಿಮಾಲಯದ ಚಾರಣಕ್ಕೆ ವಿಮಾನದಲ್ಲಿ ಹೋಗುವವರು ಈ ಸಾಧನವನ್ನು ಕೈಚೀಲದಲ್ಲಿ ಇಟ್ಟುಕೊಳ್ಳದೆ ದೊಡ್ಡ ಚೀಲದೊಂದಿಗೆ ಒಪ್ಪಿಸಬೇಕು, ಲೈಟರನ್ನು ಎರಡರಲ್ಲೂ ಇಡುವಂತಿಲ್ಲ.

ಈಗಾಗಲೇ ಮರಗಳಲ್ಲಿ ಉಳಿದಿರುವ ಹುರಿಯನ್ನು ತೆಗೆಯುವ ಕೆಲಸವನ್ನು ಮುಂದಿನ ಮಳೆಗಾಲದ ಮುನ್ನ ಇಲಾಖೆಯ ಸಿಬ್ಬಂದಿಯ ಜೊತೆಯಲ್ಲಿ ಮಾಡಲು ನಮ್ಮ ಕಡೆಯ ಮಾರ್ಗದರ್ಶಕರು ಸಿದ್ಧರಿದ್ದೇವೆ. ಉತ್ಸಾಹಿಗಳು ತಾವಾಗಿಯೇ ಹೋಗಿ ಅವನ್ನು ಎಳೆದು ಕೀಳಬಾರದು ಎಂಬುದನ್ನು ಮಾತ್ರ ಈಗಲೇ ತಿಳಿಸಬಯಸುತ್ತೇನೆ. ಸಡಿಲವಾಗಿರುವ ಹುರಿಯನ್ನು ಗಂಟಿನ ಪಕ್ಕದಲ್ಲಿ ಕತ್ತರಿಸಿ ತೆಗೆಯಬಹುದು. ತೊಗಟೆಯೊಳಗೆ ಇಳಿದು ಹೋಗಿದ್ದರೆ ಕಾಣುವ ಕಡೆಗಳಲ್ಲಿ ಕತ್ತರಿಸಿ ಬಿಗಿತ ಬಿಡಿಸಿ, ಒಳಗೆ ಹೂತ ಭಾಗವನ್ನು ಅಲ್ಲಿಯೇ ಬಿಡಬೇಕು. ಎಳೆದರೆ ಅದರೊಂದಿಗೆ ತೊಗಟೆಯೂ ಕಿತ್ತುಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಾರಣ ಮಾರ್ಗದರ್ಶಕ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ